ಜಿಂಕೆ ಮಾಂಸದಲ್ಲಿ ಇರೋದು ಕೋಳಿಯಲ್ಲಿ ಇಲ್ವಾ?

ವೀಕೆಂಡ್‌ನಲ್ಲಿ ನಂದಿಬೆಟ್ಟ ಸುತ್ತಿ, ವಾಪಸ್ ಬರುವಾಗ ದೇವನಹಳ್ಳಿ ಕಡೆ ಮುದ್ದೆ, ನಾಟಿಕೋಳಿ ಸಾರಿನ ಮುಂದೆ ಕೂತಾಗ ಗುಂಪಿನಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳ್ತಾರೆ: ‘ಜಿಂಕೆ ಮಾಂಸದ ಶಕ್ತಿನೇ ಬೇರೆ, ಕೋಳಿ ಏನೂ ಅಲ್ಲ!’ ನಿಜವೇ?

ಲೆಕ್ಕ ನೋಡಿ. 100 ಗ್ರಾಂ ಹಸಿ ಜಿಂಕೆ ಮಾಂಸದಲ್ಲಿ ಸುಮಾರು 23 ಗ್ರಾಂ ಪ್ರೋಟೀನ್, ಎರಡೂವರೆ ಗ್ರಾಂ ಕೊಬ್ಬು, 120 ಕ್ಯಾಲೊರಿ. ಚರ್ಮ ತೆಗೆದ ಕೋಳಿಯ ಎದೆಭಾಗದಲ್ಲೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ವ್ಯತ್ಯಾಸ ಕಬ್ಬಿಣಾಂಶದ್ದು: ಜಿಂಕೆಯಲ್ಲಿ 3 ಮಿ.ಗ್ರಾಂ.ಗಿಂತ ಹೆಚ್ಚು, ಕೋಳಿ ಎದೆಯಲ್ಲಿ ಅರ್ಧ ಮಿ.ಗ್ರಾಂ ಕೂಡ ಇಲ್ಲ.

ಹಾಗಂತ ಕಬ್ಬಿಣ ಹುಡುಕಿ ಕಾಡಿಗೆ ಹೋಗಬೇಕಿಲ್ಲ. ಅದೇ ಕೋಳಿಯ ಲಿವರ್‌ನಲ್ಲಿ 100 ಗ್ರಾಂಗೆ ಸುಮಾರು 9 ಮಿ.ಗ್ರಾಂ ಇದೆ! ವಾರಕ್ಕೊಮ್ಮೆ ಸ್ವಲ್ಪ ತಿಂದರೆ ಸಾಕು. ವಿಟಮಿನ್ ‘ಎ’ ತುಂಬಾ ಇರೋದರಿಂದ ಗರ್ಭಿಣಿಯರಿಗೆ ಮಾತ್ರ ಬೇಡ. ತಟ್ಟೆಯಲ್ಲಿರೋ ರಾಗಿಯಲ್ಲೂ ಕಬ್ಬಿಣ ಇದೆ. ಅದು ಮೈಗೆ ಹತ್ತಬೇಕಾದರೆ ಸಾರಿಗೆ ನಿಂಬೆಹಣ್ಣು ಹಿಂಡಿ, ಊಟವಾದ ಕೂಡಲೇ ಟೀ ಕುಡಿಯಬೇಡಿ.

ಇನ್ನೊಂದು ಮಾತು. ನ್ಯೂಜಿಲೆಂಡ್‌ನಲ್ಲಿ ಜಿಂಕೆಯನ್ನು ಫಾರ್ಮ್‌ನಲ್ಲಿ ಸಾಕಿ ಮಾಂಸ ಮಾರ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಮಾತ್ರವಲ್ಲ, ಆ ಮಾಂಸ ಕೊಳ್ಳುವುದು, ಇಟ್ಟುಕೊಳ್ಳುವುದೂ ಅಪರಾಧ. ಕೃಷ್ಣಮೃಗವಾದರೆ 3ರಿಂದ 7 ವರ್ಷ ಜೈಲು. ಯಾರಾದರೂ ‘ಸ್ಪೆಷಲ್ ಐಟಂ ಇದೆ, ಬರ್ತೀಯಾ?’ ಅಂತ ಕರೆದರೆ ಧೈರ್ಯವಾಗಿ ‘ಬೇಡ’ ಅನ್ನಿ. ಇನ್ನೊಂದು ಪ್ಲೇಟ್ ಲಿವರ್ ಫ್ರೈ ಹೇಳಿ. ಕಬ್ಬಿಣವೂ ಸಿಗುತ್ತೆ, ಮನೆಗೂ ನೆಮ್ಮದಿಯಾಗಿ ಹೋಗಬಹುದು.