ರಕ್ತ ಕೊಡುವ ಮುನ್ನ ಮಾತ್ರೆಯ ಹೆಸರು ಹೇಳಿರಿ

ರಕ್ತದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ರೋಗದ ಸುಳಿವು ಕೊಡುವ ಪ್ರೋಟೀನು ರಾಗಿ ರಾಶಿಯಲ್ಲಿ ಬಿದ್ದ ಸಾಸಿವೆ ಕಾಳಿನಂತೆ ಅಡಗಿರುತ್ತದೆ.

ಅದನ್ನು ಹಿಡಿಯುವುದು ಹೇಗೆ?
ಆ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿಯನ್ನು ತಟ್ಟೆಗೆ ಲೇಪಿಸುತ್ತಾರೆ. ರಕ್ತದ ತಿಳಿಯನ್ನು ಹಾಕಿ ತೊಳೆದರೆ ಬೇಡದ್ದು ಹೋಗಿ, ಬೇಕಾದದ್ದು ಉಳಿಯುತ್ತದೆ. ದೊಡ್ಡ ಪ್ರಯೋಗಾಲಯಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರವು ಅದನ್ನು ತೂಗಿ ಗುರುತಿಸುತ್ತದೆ. ಸಾಮಾನ್ಯ ಥೈರಾಯ್ಡ್ ಪರೀಕ್ಷೆಯಲ್ಲಿ ಆ ಯಂತ್ರವಿಲ್ಲದಿದ್ದರೂ ಲೇಪನದ ಉಪಾಯ ಇಂಥದೇ.

ಎಚ್ಚರಿಕೆ
ಕೆಲವು ಪರೀಕ್ಷೆಗಳಲ್ಲಿ ಆಂಟಿಬಾಡಿಯನ್ನು ಲೇಪನಕ್ಕೆ ಅಂಟಿಸುವುದು ಬಯೋಟಿನ್. ಕೂದಲು ಉದುರುವುದಕ್ಕೆಂದು ತಾವು ನುಂಗುವ ಬಯೋಟಿನ್ ಮಾತ್ರೆ ಆ ಜಾಗವನ್ನು ತಾನೇ ಹಿಡಿದರೆ ಫಲಿತಾಂಶ ತಪ್ಪಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಸಿತು.

ಆದ್ದರಿಂದ ತಾವು ಸೇವಿಸುವ ಎಲ್ಲ ಮಾತ್ರೆಗಳ ಹೆಸರನ್ನು ಸಿಸ್ಟರ್‌ಗೆ ತಪ್ಪದೆ ತಿಳಿಸಿರಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿರಿ.