ಸಮವಾಗಿ ಮುಗಿದ ಸಮರ

ಚದುರಂಗದ ಆಟವೊಂದು ಸಮವಾಗಿ ಮುಗಿಯಿತೆಂದೊಡನೆ, ಆಡಿದವರಿಬ್ಬರೂ ಅಳುಕಿ ಕಾಲ ಕಳೆದಿರಬೇಕೆಂದು ಭಾವಿಸುವವರುಂಟು. ಅಂಥವರು 1960ರಲ್ಲಿ ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದ ಒಲಿಂಪಿಯಾಡಿನಲ್ಲಿ ಫಿಷರ್ ಮತ್ತು ತಾಲ್ ಆಡಿದ ಆಟವನ್ನು ಮಣೆಯ ಮೇಲೆ ಒಮ್ಮೆ ನಡೆಸಿ ನೋಡಬೇಕು.

ಸೋವಿಯತ್ ಒಕ್ಕೂಟದ ಮಿಖಾಯಿಲ್ ತಾಲ್ ಅದೇ ವರ್ಷ ಬೊಟ್ವಿನ್ನಿಕ್‌ನನ್ನು ಸೋಲಿಸಿ ಜಗಜ್ಜೇತನಾಗಿದ್ದ. ಅಮೆರಿಕದ ಬಾಬಿ ಫಿಷರನಿಗೆ ಆಗಿನ್ನೂ 17 ವರ್ಷ. ಹಿಂದಿನ ವರ್ಷ ಯುಗೊಸ್ಲಾವಿಯದಲ್ಲಿ ನಡೆದ ಅಭ್ಯರ್ಥಿಗಳ ಪಂದ್ಯಾವಳಿಯಲ್ಲಿ ತಾಲ್‌ನೊಡನೆ ಆಡಿದ ನಾಲ್ಕು ಆಟಗಳಲ್ಲಿ ನಾಲ್ಕನ್ನೂ ಆತ ಸೋತಿದ್ದ.

ಬಿಳಿಯ ಕಾಯಿಗಳು ಫಿಷರನವು. ಆತ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ. ತಾಲ್ ತನ್ನದನ್ನು ಒಂದೇ ಮನೆ ನಡೆಸಿದ. ಇದು ಫ್ರೆಂಚ್ ರಕ್ಷಣೆ. 1834ರಲ್ಲಿ ಪ್ಯಾರಿಸ್ಸಿನವರು ಲಂಡನ್ನಿನವರೊಡನೆ ಪತ್ರಮುಖೇನ ಆಡತೊಡಗಿದ ಪಂದ್ಯದಿಂದ ಆ ಹೆಸರು ಬಂತು. ಮೂರನೆಯ ನಡೆಯಲ್ಲಿ ಕರಿಯ ಒಂಟೆ ಹೊರಬಂದು ಬಿಳಿಯ ಕುದುರೆಯನ್ನು ಕದಲದಂತೆ ಕಟ್ಟಿಹಾಕಿದರೆ ಅದು ವಾರ್ಸಾದ ವಿನಾವರನ ಹೆಸರಿನ ಪ್ರಭೇದ. ಬಿಳಿಯವನು ಕಾಲಾಳನ್ನು ಮುಂದೊತ್ತಿ ಜಾಗ ಹಿಡಿಯುತ್ತಾನೆ. ಕರಿಯವನು ಆ ಕಾಲಾಳುಗಳ ಸರಪಳಿಯ ಬುಡಕ್ಕೇ ಕೊಡಲಿ ಹಾಕುತ್ತಾನೆ. ಬಿಳಿಯ ಕಾಲಾಳು ಬಂದು ಕೆಣಕಿದಾಗ ಒಂಟೆಯು ಕುದುರೆಯನ್ನು ಹೊಡೆಯುವುದು ವಾಡಿಕೆ. ತಾಲ್ ಹೊಡೆಯದೆ ಹಿಂದಕ್ಕೆ ಸರಿದ. 1954ರಲ್ಲಿ ಬೊಟ್ವಿನ್ನಿಕ್ ಹಿಡಿದಿದ್ದ ಅಪಾಯದ ದಾರಿಯದು.

ಫಿಷರನ ಮಂತ್ರಿ ರಾಜನ ಪಕ್ಕಕ್ಕೆ ನುಗ್ಗಿ ಎರಡು ಕಾಲಾಳುಗಳನ್ನು ನುಂಗಿದ. ಆದರೆ ಅವು ತೊಲಗಿದ್ದರಿಂದಲೇ ತಾಲ್‌ನ ಆನೆಗೆ ಬಿಳಿಯ ರಾಜನವರೆಗೆ ನೇರ ಹಾದಿ ತೆರೆಯಿತು. 14ನೆಯ ನಡೆಯಲ್ಲಿ ತಾಲ್‌ನ ಕುದುರೆ ಮಧ್ಯದ ಕಾಲಾಳನ್ನು ಹೊಡೆದದ್ದೇ ತಡ, ಬಿರುಗಾಳಿ ಎದ್ದಿತು. ಬಿಳಿಯ ಕುದುರೆ ಕರಿಯ ಆನೆಯನ್ನು ಕೊಂದರೆ ಕರಿಯ ಒಂಟೆ ಬಿಳಿಯ ಆನೆಯನ್ನು ಕೊಂದಿತು. ಮೊದಲ ಸಲ ಆಡಿ ನೋಡಿದಾಗ ಯಾರು ಗೆಲ್ಲುತ್ತಿದ್ದಾರೆಂಬುದೇ ನನಗೆ ಹೊಳೆಯಲಿಲ್ಲ. 18ನೆಯ ನಡೆಯಲ್ಲಿ ಕರಿಯ ಆನೆ ಚೆಕ್ ಕೊಟ್ಟಿತು. ಫಿಷರ್ ಕೈಗೆಟಕುವಂತಿದ್ದ ಒಂಟೆಯ ಆಸೆಗೆ ಬೀಳದೆ ರಾಜನನ್ನು ಮೂಲೆಗೆ ಸರಿಸಿದ. ಈ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ನಡೆಯದು.

21 ನಡೆಗಳಲ್ಲಿ ಎಲ್ಲವೂ ಮುಗಿಯಿತು. ಫಿಷರನ ಬಳಿ ಆನೆ, ತಾಲ್‌ನ ಬಳಿ ಅದಕ್ಕೆ ಬದಲು ಕುದುರೆ. ಕಾಲಾಳೂ ಒಂದು ಕಡಿಮೆ. ಆದರೂ ಮರೆಯಿಲ್ಲದೆ ನಿಂತ ಬಿಳಿಯ ರಾಜನಿಗೆ ಕರಿಯ ಮಂತ್ರಿ ಎರಡು ಮನೆಗಳಿಂದ ಬಿಡದೆ ಚೆಕ್ ಕೊಡಬಲ್ಲವನಾಗಿದ್ದ. ರಾಜನಿಗೆ ತಪ್ಪಿಸಿಕೊಳ್ಳುವ ಎಡೆಯಿಲ್ಲ. ಇಬ್ಬರಿಗೂ ಅರ್ಧರ್ಧ ಅಂಕ.

ಮರುವರ್ಷ ಬ್ಲೆಡ್ ನಗರದಲ್ಲಿ ಫಿಷರ್ ತಾಲ್‌ನನ್ನು ಸೋಲಿಸಿದ. 1969ರಲ್ಲಿ ತನ್ನ ಸ್ಮರಣೀಯವಾದ 60 ಆಟಗಳನ್ನು ಆಯ್ದು ಗ್ರಂಥವಾಗಿಸಿದಾಗ, ಆ ಗೆಲುವಿನ ಜೊತೆಗೆ ಲೈಪ್‌ಜಿಗ್‌ನ ಈ ಆಟಕ್ಕೂ ಅದರಲ್ಲಿ ಸ್ಥಾನ ಕೊಟ್ಟ.