ಒಂದು ಗ್ರಾಂ ಪ್ಲಾಟಿನಮ್, ಒಂದು ಗುಂಟೆ ಮೈ

ಹೊನ್ನಾವರ, ಕುಮಟೆಗಳ ಕಡೆಯ ಆಲೆಮನೆಯನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಗಾಣಕ್ಕೆ ಕಬ್ಬು ಕೊಟ್ಟಂತೆಲ್ಲ ಹಾಲು ಎಡೆಬಿಡದೆ ಹರಿಯುತ್ತದೆ. ಬೆಲ್ಲವಾದರೋ ಕೊಪ್ಪರಿಗೆಯಿಂದ ಕೊಪ್ಪರಿಗೆಗೆ ಬೇರೆಯಾಗಿ ಬೇಯಬೇಕು, ಒಂದರ ಹದ ಇನ್ನೊಂದಕ್ಕೆ ಬಾರದು. ಇಂಧನಕೋಶಕ್ಕೆ ವೇಗವರ್ಧಕವನ್ನು ತಯಾರಿಸುವವರನ್ನು ಕಾಡುವುದೂ ಇದೇ ಭೇದ.

1839ರಷ್ಟು ಹಿಂದೆಯೇ ವಿಲಿಯಂ ಗ್ರೋವ್ ತೋರಿಸಿದ ಈ ಕೋಶದಲ್ಲಿ ಜಲಜನಕವು ಉರಿಯದೆಯೇ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ; ಹೊರಡುವ ಶಕ್ತಿಯ ಬಹುಭಾಗ ವಿದ್ಯುತ್ತಾಗಿ ಒದಗುತ್ತದೆ. ಆದರೆ ಆಮ್ಲಜನಕದ ಕಡೆಯ ಕ್ರಿಯೆ ಬಹು ನಿಧಾನ. ಅದನ್ನು ಚುರುಕುಗೊಳಿಸಲು ಪ್ಲಾಟಿನಮ್ ಬೇಕು. ಆ ಲೋಹದಲ್ಲಿಯೂ ಮೇಲ್ಮೈಯ ಪರಮಾಣುಗಳು ಮಾತ್ರ ದುಡಿಯುತ್ತವೆ, ಒಳಗಿನವು ಕುಳಿತು ಉಣ್ಣುವವು! ಒಂದು ಗ್ರಾಂ ಪ್ಲಾಟಿನಮ್ಮಿನ ಘನಾಕೃತಿಯ ಹೊರಮೈ ಒಂದು ಚದರ ಸೆಂಟಿಮೀಟರಿಗೂ ಕಡಿಮೆ. ಅದನ್ನೇ 3 ನ್ಯಾನೋಮೀಟರ್ ವ್ಯಾಸದ, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಮೂರಂಶದಷ್ಟು ಅಡ್ಡಗಲದ ಗುಂಡುಗಳಾಗಿಸಿದರೆ ಒಟ್ಟು ಮೈ ಸುಮಾರು 93 ಚದರ ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ ನೆಲ. ಈ ಗುಂಡುಗಳು ಒಂದನ್ನೊಂದು ಅಂಟಿ ಗಡ್ಡೆಯಾಗದಂತೆ ಮಸಿಯಂತಹ ಇಂಗಾಲದ ಪುಡಿಯ ಮೇಲೆ ಚದುರಿಸಿ ಕೂರಿಸುತ್ತಾರೆ.

ಕೂರಿಸುವ ಬಗೆ ಹೀಗೆ: ಪ್ಲಾಟಿನಮ್ ಲವಣದ ದ್ರಾವಣದಲ್ಲಿ ಇಂಗಾಲವನ್ನು ಕದಡಿ, ಅಪಕರ್ಷಕವೊಂದನ್ನು ಬೆರೆಸಿ ಕಾಯಿಸಿದರೆ ಲೋಹವು ಕಣಕಣವಾಗಿ ಹೊರಬಂದು ಇಂಗಾಲವನ್ನು ಹಿಡಿಯುತ್ತದೆ. ಗಾಜಿನ ಬುದ್ದಲಿಯಲ್ಲಿ ಇದು ಸುಲಭ. ದೊಡ್ಡ ಪಾತ್ರೆಯಲ್ಲಿ ಅಂಚು ಕಾದಾಗ ನಡುವು ಕಾದಿರುವುದಿಲ್ಲ. ಕಣಗಳು ಕಿರಿದು ಹಿರಿದಾಗಿ ಹುಟ್ಟುತ್ತವೆ. ಮುಂದೆ ಕೋಶದೊಳಗೆ ಕಿರಿಯವು ಕರಗಿ ಹಿರಿಯವುಗಳ ಮೇಲೆ ಸೇರಿಕೊಳ್ಳುವುದರಿಂದ ದುಬಾರಿ ಲೋಹದ ಮೈ ವ್ಯರ್ಥವಾಗಿ ಕುಗ್ಗುತ್ತದೆ. ಆದುದರಿಂದ ಕೊಪ್ಪರಿಗೆಯನ್ನು ಬಿಟ್ಟು ಸಣ್ಣ ಕೊಳವೆಯನ್ನು ಹಿಡಿಯುವುದು. ಮಿಶ್ರಣವು ಅದರಲ್ಲಿ ಸತತವಾಗಿ ಹರಿಯುತ್ತ ಥಟ್ಟನೆ ಕಾದು, ನಿಯತಕಾಲ ಕಳೆದು, ಥಟ್ಟನೆ ತಣಿಯುತ್ತದೆ. ಪ್ರತಿಯೊಂದು ಹನಿಗೂ ಬಹುಮಟ್ಟಿಗೆ ಒಂದೇ ಪಾಕ. ಇಂಗಾಲ ತಳಕ್ಕಿಳಿದು ಕೊಳವೆ ಕಟ್ಟಿಕೊಳ್ಳುವುದೇ ಇಲ್ಲಿಯ ದೊಡ್ಡ ಪೀಡೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಿಂಗ್ಸ್‌ಲಿ ಮತ್ತು ಕೆ. ಸಿ. ಪಾಟೀಲರು 1988ರಲ್ಲಿ ಬೇರೊಂದು ದಾರಿಯನ್ನು ಪ್ರಕಟಿಸಿದರು. ಅಲ್ಯುಮಿನಿಯಂ ನೈಟ್ರೇಟು, ಯೂರಿಯಾಗಳ ದ್ರಾವಣವನ್ನು 500 ಡಿಗ್ರಿಯ ಕುಲುಮೆಗಿಟ್ಟರೆ ಅದು ತಾನೇ ಹೊತ್ತಿ, ಕೆಲವೇ ನಿಮಿಷಗಳಲ್ಲಿ ನೊರೆಯಂತಹ ಅಲ್ಯುಮಿನಾ ಆಗುತ್ತದೆ. ಮುಂದೆ ಅಲ್ಲಿಯೇ ಎಂ. ಎಸ್. ಹೆಗಡೆಯವರೂ ಸಂಗಡಿಗರೂ ಇದೇ ದಹನವಿಧಾನದಿಂದ ಸೀರಿಯಂ ಆಕ್ಸೈಡಿನಲ್ಲಿ ಪ್ಲಾಟಿನಮ್ಮನ್ನು ನೆಲೆಗೊಳಿಸಿದರು. ಇದೂ ಮೂಲತಃ ಕೊಪ್ಪರಿಗೆಯ ರೀತಿಯೇ. ದ್ರಾವಣವನ್ನು ತುಂತುರಾಗಿ ಬಿಸಿ ನಾಳದೊಳಕ್ಕೆ ಸಿಂಪಡಿಸಿದರೆ ಸತತವಾದೀತು.

2024ರ ಫೆಬ್ರವರಿಯಲ್ಲಿ, ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಇಂಧನಕೋಶದ ದೋಣಿಗೆ ಚಾಲನೆ ದೊರೆಯಿತು. ಡೀಸೆಲ್ಲಿನ ಬೆಲೆಯನ್ನು ಲೆಕ್ಕಹಾಕುತ್ತಲೇ ಕಡಲಿಗಿಳಿಯುವ ಭಟ್ಕಳದ ಮೀನುಗಾರರಿಗೂ ಇದರ ಕಡೆ ಕಣ್ಣು ಹೋಗುವುದು ಸಹಜ. ಆದರೆ ಕಡಲಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡು ಪ್ಲಾಟಿನಮ್ಮಿನ ಮೈಗೆ ಅಂಟಿ ಅದರ ಕೆಲಸವನ್ನು ತಡೆಯುತ್ತದೆ, ಲೋಹ ಕರಗುವುದನ್ನೂ ತ್ವರೆಗೊಳಿಸುತ್ತದೆ. ಕೋಶಕ್ಕೆ ಹೋಗುವ ಗಾಳಿಯನ್ನು ಮೊದಲು ಸೋಸಿಯೇ ಬಿಡಬೇಕು.